ಡಾಕ್ಟರ್ ಸೀಟು ಸಿಗಲಿಲ್ಲವಾ? ಆರೋಗ್ಯ ಓದೋಕೆ ಬೇರೆ ಬಾಗಿಲುಗಳೂ ಇವೆ

ನೀಟ್ ಫಲಿತಾಂಶ ಬಂದ ದಿನ ರಾತ್ರಿ ಚಿಕ್ಕಪ್ಪನ ಫೋನು. "ಹುಡ್ಗಿ ಮಧ್ಯಾಹ್ನದಿಂದ ಕದ ಹಾಕ್ಕಂಡು ಮಲಗವಳೆ ಕಣವ್ವ. ನೀನೊಂಚೂರು ಮಾತಾಡು" ಅಂದರು. ಮಗಳು ಡಾಕ್ಟ್ರಾಗ್ತಾಳೆ ಅಂತ ಎರಡು ವರ್ಷದಿಂದ ಇಡೀ ಊರಿಗೆ ಹೇಳಿಕೊಂಡು ಬಂದಿದ್ದವರು ಅವರು. ಈಗ ಅವರಿಗೂ ಊಟ ಸೇರುತ್ತಿರಲಿಲ್ಲ.

ನಾನು ಪಾಂಡವಪುರದ ಕಡೆಯವಳು. ಮೈಸೂರಿನಲ್ಲಿ ಬಿ.ಎ., ಆಮೇಲೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದೆ. ಒಂಬತ್ತು ವರ್ಷದಿಂದ ಮಂಡ್ಯದಲ್ಲಿ ಶುಗರ್, ಬಿಪಿ ಇರುವವರಿಗೆ ಕೌನ್ಸೆಲರ್ ಆಗಿದ್ದೇನೆ. ಮರುದಿನ ಭಾನುವಾರ. ಊರಿಗೆ ಹೋಗಿ ತಂಗಿಯ ಪಕ್ಕ ಕೂತೆ. ಅವಳು ಕೇಳಿದ್ದು ಒಂದೇ ಮಾತು: "ಅಕ್ಕ, ನಂಗೆ ರೋಗಿಗಳ ಜೊತೆನೇ ಕೆಲ್ಸ ಮಾಡ್ಬೇಕು. ಡಾಕ್ಟ್ರಾಗ್ದೆ ಆಗುತ್ತಾ?"

ಆಗುತ್ತೆ. ಎರಡು ಭಾನುವಾರ ಕೂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ವರ್ಷ ಜೂನ್ ಬಂದರೆ ಇದನ್ನೇ ಕೇಳಿಕೊಂಡು ನಾಲ್ಕೈದು ಜನ ಬರುತ್ತಾರೆ.

ಮೊದಲು ಒಂದು ನೋಟ್‌ಬುಕ್

ಕಾಲೇಜು ಹುಡುಕುವ ಮುಂಚೆ ಇದನ್ನು ಮಾಡಿ. 100 ಪುಟದ ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಎರಡು ಗೆರೆ ಎಳೆದರೆ ಮೂರು ಕಾಲಂ ಆಗುತ್ತೆ. ಮೇಲೆ ಬರೆಯಿರಿ: ಮೈ, ಮನಸ್ಸು, ಊರುಕೇರಿ. ನಿಮ್ಮ ಮನೆಯಲ್ಲೇ ಕಾಯಿಲೆ ಇರುವ ಒಬ್ಬರನ್ನು ನೆನೆಸಿಕೊಂಡು, ಗೊತ್ತಿರುವುದನ್ನೆಲ್ಲ ತುಂಬಿ. ಕಾಯಿಲೆ ಇಲ್ಲದ ಮನೆ ಯಾವುದಿದೆ ಹೇಳಿ?

ನನ್ನ ಮೊದಲ ಪುಟ ಅಪ್ಪನದು. ಅವರ ಬಲಗಾಲಿನ ಗಾಯ ಐದು ತಿಂಗಳು ಒಣಗಿರಲಿಲ್ಲ. ಮೊದಲ ಕಾಲಂ ಸಲೀಸಾಗಿ ತುಂಬಿತು. ಹಳೆಯ ಶುಗರ್, ಪಾದದ ನರಗಳಿಗೆ ಸ್ಪರ್ಶ ಕಮ್ಮಿ, ಮುಳ್ಳು ಚುಚ್ಚಿದ್ದೇ ಗೊತ್ತಾಗಿಲ್ಲ, ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುತ್ತಿಲ್ಲ. ಎರಡನೆಯದಕ್ಕೆ ಅಮ್ಮನನ್ನು ಕೇಳಬೇಕಾಯಿತು. ದೊಡ್ಡಪ್ಪನಿಗೆ ಹಿಂದೆ ಹೀಗೇ ಆಗಿ ಮೊದಲು ಬೆರಳು ತೆಗೆದರು, ಆಮೇಲೆ ಕಾಲು, ವರ್ಷದೊಳಗೆ ಅವರೇ ಹೋದರು. ಅದನ್ನು ಕಂಡಿದ್ದ ಅಪ್ಪ ಗಾಯದ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದರು. ಆಸ್ಪತ್ರೆಗೆ ಹೋದರೆ ಕಾಲು ಹೋಗುತ್ತೆ ಅನ್ನೋದು ಅವರ ಲೆಕ್ಕ.

ಮೂರನೇ ಕಾಲಂ ವಾರಗಟ್ಟಲೆ ಖಾಲಿ ಇತ್ತು. ಏನು ಬರೆಯಬೇಕು ಅಂತಲೇ ಹೊಳೆಯಲಿಲ್ಲ. ಒಂದೊಂದೇ ಸಿಕ್ಕಿದ್ದು ಆಮೇಲೆ. ಕಬ್ಬಿನ ಬಿಲ್ಲು ಬಂದಿರಲಿಲ್ಲ, ಅದಕ್ಕೆ ದಿನಕ್ಕೆ ಎರಡು ಮಾತ್ರೆ ಬದಲು ಒಂದೇ ನುಂಗುತ್ತಿದ್ದರು. ಗದ್ದೆಗೆ ಚಪ್ಪಲಿ ಹಾಕಿಕೊಂಡು ಇಳಿಯುವವರು ಯಾರೂ ಇಲ್ಲ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರೆ ಒಂದು ದಿನ ಪೂರ್ತಿ, ಜೊತೆಗೆ ಒಬ್ಬರು ಬೇಕು. ತಮ್ಮ ಬೆಂಗಳೂರಿನಲ್ಲಿ, ಅಮ್ಮ ಹಸು ಬಿಟ್ಟು ಬರೋಹಾಗಿಲ್ಲ. ಡಾಕ್ಟರ ಚೀಟಿಯಲ್ಲಿ ಇದ್ದಿದ್ದು ಮೊದಲ ಕಾಲಂ ಮಾತ್ರ. ಅವರನ್ನು ದೂರಲ್ಲ, ಹೊರಗೆ ಬೆಂಚಿನ ಮೇಲೆ ಇನ್ನೂ 80 ಜನ ಕೂತಿದ್ದರು. ಆದರೆ ಗಾಯ ಒಣಗಲು ಶುರುವಾಗಿದ್ದು ಬಿಲ್ಲು ಬಂದು, ಎರಡು ಮಾತ್ರೆ ಶುರುವಾಗಿ, ನಾನು ರಜೆ ಹಾಕಿ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋದ ಮೇಲೆ.

ಈ ಪುಟ ತುಂಬುವಾಗ ಮೂರನೇ ಕಾಲಂ ನಿಮ್ಮನ್ನು ಕೆಣಕಿದರೆ, ನೀವು ಈ ಕಡೆ ಬನ್ನಿ. ಮೊದಲ ಕಾಲಂ ಮಾತ್ರ ಇಷ್ಟವಾದರೆ ಇನ್ನೊಂದು ಸಲ ನೀಟ್ ಬರೆಯಿರಿ, ಇಲ್ಲವೇ ಲ್ಯಾಬ್ ಟೆಕ್ನಾಲಜಿ ನೋಡಿ. ಅದರಲ್ಲಿ ತಪ್ಪೇನಿಲ್ಲ.

ಈ ಮೂರು ಕಾಲಂ ನನ್ನ ಸ್ವಂತ ಐಡಿಯಾ ಏನಲ್ಲ. 1977ರಲ್ಲಿ ಅಮೆರಿಕದ ರಾಚೆಸ್ಟರ್‌ನ ಜಾರ್ಜ್ ಎಂಗೆಲ್ ಅನ್ನೋ ಡಾಕ್ಟರು, ಕಾಯಿಲೆಯನ್ನು ದೇಹದಲ್ಲಿ ಮಾತ್ರ ಹುಡುಕಿದರೆ ಸಾಲದು, ಮನಸ್ಸು ಮತ್ತು ಸಮಾಜ ಎರಡನ್ನೂ ಜೊತೆಗಿಟ್ಟು ನೋಡಬೇಕು ಅಂತ ಬರೆದರು. ಕಾಲೇಜಿನಲ್ಲಿ ಇದನ್ನು ಬಯೋಸೈಕೋಸೋಶಿಯಲ್ ಮಾದರಿ ಅಂತಾರೆ. ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ. ಮೂರು ವರ್ಷದ ಮೇಲೆ ಅವರು ಒಬ್ಬ ಹೃದಯಾಘಾತದ ರೋಗಿಯ ಕತೆ ಬರೆದರು. 55ರ ಆಸಾಮಿ, ಆಸ್ಪತ್ರೆ ಸೇರಿ ಸುಧಾರಿಸಿಕೊಳ್ಳುತ್ತಿದ್ದ. ಕಿರಿಯ ಡಾಕ್ಟರುಗಳು ರಕ್ತನಾಳ ಸಿಗದೆ ಮತ್ತೆ ಮತ್ತೆ ಚುಚ್ಚಿದರು. ಅವನಿಗೆ ನೋವು, ಸಿಟ್ಟು, ಹೇಳಿಕೊಳ್ಳೋಕೂ ಆಗದ ಸಂಕಟ. ಅಷ್ಟರಲ್ಲಿ ಹೃದಯದ ಬಡಿತ ಕೆಟ್ಟು ನಿಂತೇ ಹೋಯಿತು. ಹೇಗೋ ಉಳಿಸಿಕೊಂಡರು. ಆ ಹೊತ್ತಿನ ಹೆದರಿಕೆ, ಅಸಹಾಯಕತೆಗೂ ಹೃದಯ ನಿಂತಿದ್ದಕ್ಕೂ ಸಂಬಂಧ ಇದೆ ಅನ್ನೋದು ಎಂಗೆಲ್ ಮಾತು. ನಮ್ಮ ವಾರ್ಡಿನಲ್ಲಿ ಸೂಜಿ ಚುಚ್ಚುವಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ಯಾವ ಬಾಗಿಲು?

"ಹೆಲ್ತ್ ಅಂಡ್ ಸೊಸೈಟಿ" ಅಂತ ಬೋರ್ಡ್ ಹಾಕಿದ ಒಂದೇ ಡಿಗ್ರಿ ಹುಡುಕುತ್ತಾ ಕೂರಬೇಡಿ. ನಮ್ಮ ಕಡೆ ಈ ಓದು ಬೇರೆ ಬೇರೆ ಕೋರ್ಸುಗಳಲ್ಲಿ ಹಂಚಿಹೋಗಿದೆ. ಆರಿಸಿ ಜೋಡಿಸಿಕೊಳ್ಳಬೇಕಾದವರು ನೀವೇ.

ಆರ್ಟ್ಸ್ ಓದಿದವರಿಗೆ ನೇರ ದಾರಿ ಬಿ.ಎ.ಯಲ್ಲಿ ಸೈಕಾಲಜಿ, ಸೋಶಿಯಾಲಜಿ. ಸೈನ್ಸ್ ಓದಿದವರೂ ಧಾರಾಳವಾಗಿ ಸೇರಬಹುದು. ನನ್ನ ತಂಗಿ ಸೇರಿದ್ದು ಇದಕ್ಕೇ. 2024ರಿಂದ ಕರ್ನಾಟಕದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಆ ಲೆಕ್ಕ ಇಟ್ಟುಕೊಳ್ಳಿ. ಸೈಕಾಲಜಿ ಮೈಸೂರಿಗೆ ಹೊಸದೇನಲ್ಲ. 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಈ ವಿಭಾಗ ಕಟ್ಟಿದರು. ಆಮೇಲೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರುಮಾಡಿದವರೂ ಅವರೇ. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ.

ಎಂ.ಎಸ್.ಡಬ್ಲ್ಯು.ಗೆ ಸಾಮಾನ್ಯವಾಗಿ ಯಾವ ಡಿಗ್ರಿ ಆದರೂ ನಡೆಯುತ್ತೆ. ಎರಡು ವರ್ಷ. ಅದರಲ್ಲಿ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಆರಿಸಿಕೊಂಡರೆ ಆಸ್ಪತ್ರೆಯ ಒಳಗೇ ಕಲಿಯುತ್ತೀರಿ. ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗವೂ ಇದೆ, ಆ ಕಡೆ ಜನ ತಲೆಯೇ ಹಾಕಲ್ಲ. ಹೆರಿಗೆ, ಬಾಣಂತನ, ದೃಷ್ಟಿ, ಪಥ್ಯ ಇವೆಲ್ಲ ಅವರಿಗೆ ಓದುವ ವಿಷಯ.

ಸೈನ್ಸ್ ಇದ್ದರೆ ಇನ್ನೆರಡು ಬಾಗಿಲು. ಒಂದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷ, ಮೊದಲ ಸೆಮಿಸ್ಟರಿನಲ್ಲೇ ಮನಃಶಾಸ್ತ್ರ, ಸಮಾಜಶಾಸ್ತ್ರ ಎರಡೂ ಬರುತ್ತವೆ. ಮೂರು ಕಾಲಮ್ಮೂ ದಿನವೂ ಕಣ್ಣೆದುರಿಗೆ ಇರೋದು ನರ್ಸುಗಳಿಗೇ, ಆದರೆ ನಮ್ಮ ಕಡೆ ಆ ಕೆಲಸಕ್ಕೆ ಮರ್ಯಾದೆ ಸಾಲದು. ಇನ್ನೊಂದು, 1965ರಲ್ಲಿ ಶುರುವಾದ ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಸಾಕು. ಅಲ್ಲಿ ಪ್ರವೇಶ ಪರೀಕ್ಷೆ ಬರೆದು ಬಿ.ಎ.ಎಸ್.ಎಲ್.ಪಿ. (ಮಾತು, ಕಿವಿಯ ತೊಂದರೆ ಇರುವವರಿಗೆ ನೆರವಾಗೋದನ್ನು ಕಲಿಸುವ ಡಿಗ್ರಿ) ಸೇರಬಹುದು, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ತೊದಲುವ ಮಗು, ಅದರ ಭಯ, ಕ್ಲಾಸಿನಲ್ಲಿ ಅಣಕಿಸುವ ಮಕ್ಕಳು. ಅಲ್ಲೂ ಮೂರು ಕಾಲಂ ತಾನೇ ತುಂಬಿಕೊಳ್ಳುತ್ತೆ.

ಒಂದು ಎಚ್ಚರಿಕೆ. ಸೈಕಾಲಜಿಯನ್ನು ಅಂಚೆ ಮೂಲಕವೋ ಆನ್‌ಲೈನಲ್ಲೋ ಮಾಡಿಬಿಡೋಣ ಅಂತ ಇದ್ದರೆ ಬಿಡಿ. ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಸೈಕಾಲಜಿ ಕೊಡುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. ನಾನೂ ಒಂದು ಸಲ ಮೋಸಹೋಗಿದ್ದೇನೆ. ಬಿ.ಎ. ಮುಗಿದ ಬೇಸಿಗೆಯಲ್ಲಿ ಒಂದು ಕಡೆ 18,000 ರೂಪಾಯಿ ಕಟ್ಟಿ "ಹೆಲ್ತ್ ಸೈಕಾಲಜಿ ಡಿಪ್ಲೊಮಾ" ಮಾಡಿದೆ. ಹತ್ತು ಭಾನುವಾರ ಸ್ಲೈಡ್ ತೋರಿಸಿದರು, ಬಂಗಾರದ ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಆಮೇಲೆ ಯಾವ ಇಂಟರ್‌ವ್ಯೂನಲ್ಲೂ ಅದನ್ನು ಯಾರೂ ತಿರುಗಿಸಿಯೂ ನೋಡಲಿಲ್ಲ. ಅಮ್ಮ ಈಗಲೂ ಅದನ್ನು ಶೋಕೇಸ್‌ನಲ್ಲಿ ಇಟ್ಟಿದ್ದಾಳೆ.

ಸೇರುವ ಮುಂಚೆ ಏನು ಕೇಳಬೇಕು

ಕಾಲೇಜಿನ ಆಫೀಸಿನಲ್ಲಿ ಕೇಳಿದರೆ ಫೀಸು ಹೇಳುತ್ತಾರೆ. ಕ್ಯಾಂಟೀನಿನಲ್ಲಿ ಸೀನಿಯರುಗಳನ್ನು ಹಿಡಿದು ಕೇಳಿ: ಫೀಲ್ಡ್ ವರ್ಕ್ ವಾರಕ್ಕೆ ಎಷ್ಟು ದಿನ? ಎಲ್ಲಿಗೆ ಕಳಿಸುತ್ತಾರೆ? ವಾಪಸ್ ಬಂದ ಮೇಲೆ ಬರೆದಿದ್ದನ್ನು ಮೇಷ್ಟ್ರು ಓದುತ್ತಾರಾ, ಸೈನ್ ಹಾಕಿ ಬಿಸಾಕುತ್ತಾರಾ? ಸೈಕಾಲಜಿ ಪ್ರಾಕ್ಟಿಕಲ್ ನಿಜವಾಗಿ ನಡೆಯುತ್ತಾ? ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಪ್ರಯೋಗ ಎಲ್ಲ ಕಾಲೇಜಿನ ರೆಕಾರ್ಡಿನಲ್ಲೂ ಇರುತ್ತೆ. ಕೈಯಾರೆ ಮಾಡಿದವರು ಕಮ್ಮಿ.

ನಮಗೆ ಎಂ.ಎಸ್.ಡಬ್ಲ್ಯು.ನಲ್ಲಿ ವಾರಕ್ಕೆ ಎರಡು ದಿನ ಫೀಲ್ಡು. ನಾನು ಕಲಿತಿದ್ದರಲ್ಲಿ ಮುಕ್ಕಾಲು ಪಾಲು ಆ ಎರಡು ದಿನಗಳದು.

ಓಡಾಟಕ್ಕೆ ಹೆದರಬೇಡಿ. ಹುಡುಗಿಯರಿಗೆ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ. ಮಂಡ್ಯ, ಪಾಂಡವಪುರದಿಂದ ಟ್ರೈನೂ ಇದೆ. ನಾನು ಅರ್ಧ ಸಿಲಬಸ್ ಓದಿದ್ದು ಟ್ರೈನಿನಲ್ಲೇ.

ಓದುವುದು ಹೇಗೆ

ಆರ್ಟ್ಸ್ ಹುಡುಗಿಗೆ ಮೊದಲ ಕಾಲಂ ಭಯ. ಇಡೀ ಅನಾಟಮಿ ಬೇಕಿಲ್ಲ. ಪಿಯುಸಿ ಸೈನ್ಸಿನವರ ಹಳೇ ಬಯಾಲಜಿ ಪುಸ್ತಕ ತಂದು ಹಾರ್ಮೋನಿನ ಪಾಠ, ಕಾಯಿಲೆ ಮತ್ತು ರೋಗನಿರೋಧಕ ಶಕ್ತಿಯ ಪಾಠ ಓದಿ. ಇನ್ಸುಲಿನ್, ಕಾರ್ಟಿಸೋಲ್ (ಹೆದರಿಕೆ, ಒತ್ತಡ ಆದಾಗ ಏರುವ ಹಾರ್ಮೋನು), ರಕ್ತದೊತ್ತಡ ಇವಿಷ್ಟನ್ನು ನಿಮ್ಮ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳೋಕೆ ಬಂದರೆ ಮೊದಲ ವರ್ಷಕ್ಕೆ ಸಾಕು. ಮೂರು ತಿಂಗಳ ಸರಾಸರಿ ಹೇಳುವ ಶುಗರ್ ಟೆಸ್ಟ್ (HbA1c) ಅಂದರೆ ಏನು, ಅದು 6.5% ಮುಟ್ಟಿದರೆ ಯಾಕೆ ಡಯಾಬಿಟಿಸ್ ಅಂತಾರೆ ಅನ್ನೋದನ್ನು ಮಾತ್ರ ಬಾಯಿಪಾಠ ಮಾಡದೆ ತಿಳಿದುಕೊಳ್ಳಿ.

ಎರಡನೇ ಕಾಲಂಗೆ ಪಠ್ಯಪುಸ್ತಕದ ಇಂಗ್ಲಿಷ್ ಪದಗಳು ಉಪಯೋಗಕ್ಕೆ ಬರೋದು ಪರೀಕ್ಷೆಯಲ್ಲಿ ಮಾತ್ರ. ನನ್ನ ಎದುರು ಕೂತವರು ಒಬ್ಬರೂ ಇವತ್ತಿನವರೆಗೆ "ಡಿಪ್ರೆಶನ್" ಅಂದಿಲ್ಲ. "ಯಾಕೋ ಬ್ಯಾಸರ ಕಣವ್ವ", "ಎದೆ ಜಲ್ ಅಂತದೆ", "ಕೈಕಾಲು ಸೇದ್ತವೆ", "ಮೈಯೆಲ್ಲಾ ಉರಿ", "ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಲ್ಲ." ನೋಟ್‌ಬುಕ್‌ನ ಕೊನೆಯ ಹತ್ತು ಪುಟ ಇಂಥ ಮಾತುಗಳಿಗೆ ಮೀಸಲಿಡಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ರೇಷನ್ ಕ್ಯೂನಲ್ಲಿ ಕೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಹೆಸರು ಮಾತ್ರ ಬರೆಯಬೇಡಿ, ಊರೂ ಬೇಡ. ಇನ್ನೊಬ್ಬರ ಕಾಯಿಲೆ ಅದು.

ಮೂರನೇ ಕಾಲಂನಲ್ಲಿ ನಾನು ಪಾಠ ಕಲಿತಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಐವತ್ತು ದಾಟಿದ ಒಬ್ಬ ಹೆಂಗಸು, ಶುಗರ್ ಇಳಿಯುತ್ತಿರಲಿಲ್ಲ. ಕಲಿತ ಹಾಗೆ ಹೇಳಿದೆ: ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೀಬೇಕಮ್ಮ. ತಲೆ ಆಡಿಸಿದರು. ಮುಂದಿನ ತಿಂಗಳು ಬಂದರು, ನಡೆದಿರಲಿಲ್ಲ. ಅದರ ಮುಂದಿನ ತಿಂಗಳೂ ಅಷ್ಟೇ. ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದೆ. ಆ ಅಕ್ಷರ ಈಗಲೂ ಅಲ್ಲೇ ಇದೆ.

ನಾಲ್ಕನೇ ಸಲ ಬಂದಾಗ ಕೇಳಿದೆ, ಮನೆಯಿಂದ ಆಚೆ ಬಂದರೆ ಏನಾಗುತ್ತೆ, ಒಂದೊಂದೇ ಹೇಳಿ ಅಂತ. "ಬೆಳಿಗ್ಗೆನೇ ನಾಲೆ ಏರಿ ಮ್ಯಾಲೆ ಕೈಬೀಸ್ಕೊಂಡು ಹೋದ್ರೆ ಎದ್ರುಗೆ ಸಿಕ್ದೋರೆಲ್ಲ ಎಲ್ಲಿಗವ್ವ ಹೊಂಟೆ ಅಂತಾರೆ. ಏನಂತ ಹೇಳ್ಲಿ? ಸುಮ್ನೆ ನಡೆಯಕ್ಕೆ ಅಂದ್ರೆ ನಗ್ತಾರೆ. ಸೊಸೆ ಮನ್ಲಿ ಕೆಲ್ಸ ಮಾಡ್ತಾ ಇದ್ರೆ ಇವ್ಳು ತಿರುಗ್ತಾವ್ಳೆ ಅಂತಾರೆ." ಪಾರ್ಕ್ ಇರುವ ಕುವೆಂಪುನಗರಕ್ಕೆ ಬರೆದ ಸಲಹೆಯನ್ನು ನಾನು ನಾಲೆ ಏರಿಗೆ ಕೊಟ್ಟಿದ್ದೆ. ದಾರಿ ಹುಡುಕಿದ್ದು ನಾನಲ್ಲ, ಅವರೇ. ಮುಂದಿನ ಸಲ ಬಂದು ನಗುತ್ತಾ ಹೇಳಿದರು: "ಕೈಲೊಂದು ಕುಡ್ಲು ಇಟ್ಕಂಡ್ರೆ ಯಾರೂ ಕೇಳಲ್ಲ ಕಣವ್ವ. ಹುಲ್ಲಿಗೆ ಹೊಂಟವಳೆ ಅನ್ಕತಾರೆ." ಕುಡುಗೋಲು ಹಿಡಿದು ದಿನಾ ಎರಡು ಮೈಲಿ. ಶುಗರ್ ಇಳಿಯಿತು.

ಅಂಕಿಸಂಖ್ಯೆಗೆ ಯಾಕೆ ಮುಖ ತಿರುಗಿಸಬಾರದು

ಸ್ಟಾಟಿಸ್ಟಿಕ್ಸ್ ಪೇಪರ್ ಅಂದರೆ ಎಲ್ಲರೂ ಗೈಡು ಹಿಡಿಯುತ್ತಾರೆ. ನಾನೂ ಹಿಡಿದೆ, ತಪ್ಪು ಮಾಡಿದೆ. ಒಬ್ಬರ ಕತೆ ಕಣ್ಣು ತೆರೆಸುತ್ತೆ, ಆದರೆ ಅದು ಒಬ್ಬರದೇ ಕತೆಯೋ ಊರಿನದೋ ಅಂತ ಹೇಳೋಕೆ ಲೆಕ್ಕ ಬೇಕು.

ಮೈಸೂರಿನಲ್ಲೇ ಇದಕ್ಕೆ ಒಳ್ಳೇ ಉದಾಹರಣೆ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ಬೆಳೆದು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರಲ್ಲಿ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹುಟ್ಟುವಾಗ ಸಣ್ಣಗಿದ್ದವರಲ್ಲಿ, ತಾಯಿಯ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಜಾಸ್ತಿ. ಬಸುರಿ ಹೆಂಗಸು ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನು ಉಣ್ಣುವ ಮನೆಗಳನ್ನು ನೆನೆಸಿಕೊಂಡು ಆ ಲೇಖನ ಓದಿ. ಮೂರನೇ ಕಾಲಂನಿಂದ ಗೆರೆ ಹೊರಟು, ಐವತ್ತು ವರ್ಷ ದಾಟಿ, ಮೊದಲ ಕಾಲಂಗೆ ಬಂದು ಮುಟ್ಟುತ್ತೆ.

ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಅವರ ಮಕ್ಕಳು ಹದಿಮೂರು ಹದಿನಾಲ್ಕರ ವಯಸ್ಸಿಗೆ ಬಂದಾಗ, ಅಪರಿಚಿತ ದೊಡ್ಡವರ ಮುಂದೆ ನಿಲ್ಲಿಸಿ ಕತೆ ಮುಂದುವರಿಸೋಕೆ ಹೇಳಿದರು, ಮನಸ್ಸಿನಲ್ಲೇ ಲೆಕ್ಕ ಮಾಡಿಸಿದರು. ಜೊತೆಗೆ ಎಂಜಲಿನಲ್ಲಿ ಕಾರ್ಟಿಸೋಲ್ ಅಳೆದರು. ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರ ಮುಂದೆ ಮಗ್ಗಿ ಹೇಳಿದ್ದು ನೆನಪಿದ್ದವರಿಗೆ ಆ ಹೆದರಿಕೆ ಗೊತ್ತು. ಅದನ್ನೇ ಅವರು ಅಳತೆಗೆ ಸಿಗೋ ಹಾಗೆ ಮಾಡಿದ್ದು.

ಹೊರಗಿನ ಒಂದು ಉದಾಹರಣೆ ಸಾಕು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನ. ಎಲ್ಲರದೂ ಆಫೀಸು ಕೆಲಸ, ಸಂಬಳ ಖಾತ್ರಿ, ಆಸ್ಪತ್ರೆಯೂ ಉಚಿತ. ಆದರೂ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಮೇಲಿನ ದರ್ಜೆಯವರ ಸುಮಾರು 3 ಪಟ್ಟು. ಸಿಗರೇಟು, ಬಿಪಿ ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ತಾಲ್ಲೂಕು ಆಫೀಸಿಗೆ ಹೋದಾಗ ಗಂಟೆ ಬಾರಿಸಿದರೆ ಎದ್ದು ಓಡುವವರನ್ನು ನೋಡಿ, ಆಮೇಲೆ ಗಂಟೆ ಬಾರಿಸುವವರನ್ನು ನೋಡಿ.

ಕೆಲಸದ ಮಾತು

ಚಿಕ್ಕಪ್ಪ ಕೇಳಿದ್ದು ಇದೊಂದೇ. ಸುಳ್ಳು ಹೇಳಲಿಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಕೌನ್ಸೆಲರ್ ಹುದ್ದೆಗಳಿವೆ: ಶುಗರ್-ಬಿಪಿ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೋಶಿಯಲ್ ವರ್ಕರ್ ಬೇಕು. ಬಹಳಷ್ಟು ಗುತ್ತಿಗೆ ಕೆಲಸ. ಸಂಬಳ ಕೆಲವು ತಿಂಗಳು ತಡವಾಗುತ್ತೆ. ಅದೂ ನನ್ನ ಸ್ವಂತ ಮೂರನೇ ಕಾಲಂ. ಎನ್‌ಜಿಒಗಳೂ ಇವೆ. ಎಚ್.ಡಿ. ಕೋಟೆ, ಸರಗೂರಿನ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಕೆಲಸ ಮಾಡುತ್ತಿದೆ.

ಎಂ.ಎ. ಸೈಕಾಲಜಿ ಮುಗಿಸಿದ ತಕ್ಷಣ ಬೋರ್ಡಿನ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬರೆಸುವ ಹಾಗಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ಕೋರ್ಸ್ ಮುಗಿಸಿ, ಅಲ್ಲಿ ಹೆಸರು ನೋಂದಾಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಕಡೆ ಆಸೆ ಇದ್ದರೆ ಪ್ರವೇಶ ಪರೀಕ್ಷೆಗೆ ಡಿಗ್ರಿಯ ಮೊದಲ ವರ್ಷದಿಂದಲೇ ಓದಿ. ಓದುವಾಗ ನಿಮ್ಮ ಮನಸ್ಸೇ ಕುಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಫಲಿತಾಂಶದ ದಿನ ಕದ ಹಾಕಿಕೊಂಡು ಮಲಗಿದವರಿಗೂ ಅದೇ ನಂಬರ್.

ತಂಗಿ ಈಗ ಮೈಸೂರಿನಲ್ಲಿ ಮೊದಲ ವರ್ಷದಲ್ಲಿದ್ದಾಳೆ. ದಸರಾ ರಜೆಗೆ ಊರಿಗೆ ಬಂದಾಗ ನಮ್ಮ ಅಜ್ಜಿಯ ಮಂಡಿನೋವಿನ ಪುಟ ಬರೆದು ಫೋಟೋ ಕಳಿಸಿದಳು. ಮೊದಲ ಕಾಲಂ ತುಂಬಿತ್ತು. ಮೂರನೆಯದರಲ್ಲಿ ಒಂದೇ ಸಾಲು: "ಕಕ್ಕಸು ಹಿತ್ತಲಲ್ಲಿದೆ, ಮೂರು ಮೆಟ್ಟಿಲು." ಫೋನ್ ಮಾಡಿ ಕೇಳಿದೆ, ರಾತ್ರಿ ಅಜ್ಜಿ ಎಷ್ಟು ಸಲ ಏಳ್ತಾರೆ, ಕೇಳಿದ್ಯಾ? ಕೇಳಿರಲಿಲ್ಲ. ಅರ್ಧ ಗಂಟೆ ಬಿಟ್ಟು ಅವಳೇ ಮಾಡಿದಳು.

"ಅಕ್ಕ, ಏಳೋದೇ ಇಲ್ವಂತೆ. ಮೆಟ್ಲಿಗೆ ಹೆದ್ರಿ ಸಂಜೆ ನಾಲ್ಕರ ಮೇಲೆ ನೀರೇ ಕುಡಿಯಲ್ವಂತೆ. ಎರಡು ವರ್ಷದಿಂದ."

ಒಂಬತ್ತು ವರ್ಷ ಕೌನ್ಸೆಲರ್ ಕೆಲಸ ಮಾಡಿಯೂ ನಮ್ಮ ಅಜ್ಜಿಯನ್ನು ನಾನು ಈ ಪ್ರಶ್ನೆ ಕೇಳಿರಲಿಲ್ಲ.

"ಇದನ್ನ ಯಾವ ಕಾಲಂಗೆ ಹಾಕ್ಲಿ ಅಕ್ಕ?" ಅಂದಳು.

ಮೊದಲು ಚಿಕ್ಕಪ್ಪನಿಗೆ ಫೋನ್ ಕೊಡು, ಮೆಟ್ಟಿಲ ಹತ್ರ ಹಿಡ್ಕೊಳ್ಳೋಕೆ ಒಂದು ಪೈಪ್ ಹಾಕಿಸೋಣ ಅಂದೆ.